ಆಟದ ಕಥೆಯೂ ಆಟಗಾರನ ಸ್ವಾತಂತ್ರ್ಯವೂ

ಗತಿವಿಜ್ಞಾನವನ್ನು ಬೋಧಿಸುವಾಗ ನಾವು ಪ್ರತಿ ವರ್ಷವೂ ಒಂದು ಚಿಕ್ಕ ಮಣಿಯ ಉದಾಹರಣೆಯಿಂದ ಪಾಠವನ್ನು ಪ್ರಾರಂಭಿಸುವುದು ವಾಡಿಕೆ. ಬಯಲಿನಲ್ಲಿ ಎತ್ತ ಬೇಕಾದರೂ ಚಲಿಸಬಲ್ಲ ಕಣವೊಂದರ ಸ್ಥಾನವನ್ನು ತಿಳಿಸಲು ಮೂರು ಸಂಖ್ಯೆಗಳು ಬೇಕು. ಆದುದರಿಂದ ಅದಕ್ಕೆ ‘ಸ್ವಾತಂತ್ರ್ಯದ ಅಂಶಗಳು’ ಮೂರು ಎಂದು ಹೇಳುತ್ತೇವೆ. ಅದೇ ಕಣವು ಮೇಜಿನ ಮೇಲೆ ಮಾತ್ರ ಜಾರಬೇಕೆಂದು ಕಟ್ಟುಮಾಡಿದರೆ ಎರಡು ಸಂಖ್ಯೆಗಳು ಸಾಕು. ಅದನ್ನು ಮಣಿಯಂತೆ ತಂತಿಯೊಂದರಲ್ಲಿ ಪೋಣಿಸಿಬಿಟ್ಟರೆ ಒಂದೇ ಒಂದು ಸಂಖ್ಯೆಯಿಂದ ಅದರ ನೆಲೆ ತಿಳಿದುಬಿಡುತ್ತದೆ. ನಿರ್ಬಂಧವು ಒಂದೊಂದಾಗಿ ಹೆಚ್ಚಿದಂತೆ ಸ್ವಾತಂತ್ರ್ಯವು ಒಂದೊಂದಾಗಿ ಕಡಮೆಯಾಗುತ್ತದೆ.

ಒಂದು ದಿನ ಈ ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ತಂತಿಯು ನಡುವೆ ಎರಡಾಗಿ ಕವಲೊಡೆದು, ಸ್ವಲ್ಪ ದೂರ ಹೋಗಿ ಮತ್ತೆ ಒಂದಾಗಿ ಸೇರಿಕೊಂಡರೆ ಮಣಿಗೆ ಎಷ್ಟು ಸ್ವಾತಂತ್ರ್ಯ ಬಂದ ಹಾಗಾಯಿತು?” ಎಂದು ಕೇಳಿದನು. ಈ ಕವಲು ಅವನಿಗೆ ಎಲ್ಲಿಂದ ಹೊಳೆಯಿತೆಂದು ವಿಚಾರಿಸಿದೆವು. ಅವನೂ ಅವನ ಗೆಳೆಯನೂ ರಾತ್ರಿಯ ವೇಳೆ ಅಂತರಜಾಲದಲ್ಲಿ ಪಾತ್ರವಹಿಸುವ ಆಟವೊಂದನ್ನು ಆಡುತ್ತಿದ್ದರಂತೆ. ಆ ಆಟದಲ್ಲಿ ಸೆರೆಸಿಕ್ಕ ಕಳ್ಳನನ್ನು ಬಿಡಬೇಕೋ ಕೊಲ್ಲಬೇಕೋ ಎಂಬ ಪ್ರಶ್ನೆ ಬಂದಿತು. ಇವನು ಬಿಟ್ಟನು, ಗೆಳೆಯನು ಕೊಂದನು. ಮರುದಿನ ಇಬ್ಬರೂ ಒಂದೇ ಕೋಟೆಯ ಬಾಗಿಲಿಗೆ ಬಂದರು. ಒಬ್ಬನೇ ಮುದುಕನು ಇಬ್ಬರಿಗೂ ಅದೇ ಮಾತನ್ನು ಹೇಳಿದನು. ತರಗತಿಯಲ್ಲಿ ನಗು ಎದ್ದಿತು, ಗಂಟೆ ಬಾರಿಸಿತು, ನಾವೂ ನಕ್ಕು ಹೊರಬಂದೆವು. ಆದರೆ ಆ ಪ್ರಶ್ನೆಯು ನಗುವಿನಲ್ಲಿ ತೇಲಿಸಿಬಿಡತಕ್ಕದ್ದಲ್ಲವೆಂದು ಆಮೇಲೆ ನಮಗೆ ತೋರಿತು. ಇಂತಹ ಆಟಗಳನ್ನು ನಿರ್ಮಿಸುವವರನ್ನು ಸುಮಾರು ಅರ್ಧ ಶತಮಾನದಿಂದ ಕಾಡುತ್ತಿರುವ ಪ್ರಶ್ನೆಯೇ ಅದು. ಅದನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲಿಗೆ ಈ ಆಟಗಳ ಸ್ವರೂಪವನ್ನು ತಿಳಿಯದವರಿಗಾಗಿ ಎರಡು ಮಾತು. ನಾವು ಹೇಳುತ್ತಿರುವುದು ಹಣವನ್ನು ಪಣವಾಗಿಡುವ ಜೂಜಿನ ವಿಷಯವನ್ನಲ್ಲ. ಆಟಗಾರನು ಯೋಧನೋ ವೈದ್ಯನೋ ವ್ಯಾಪಾರಿಯೋ ಆಗಿ ಒಂದು ಪಾತ್ರವನ್ನು ವಹಿಸಿಕೊಂಡು, ಕಲ್ಪಿತ ಪ್ರಪಂಚವೊಂದರಲ್ಲಿ ಸಾವಿರಾರು ಜನ ಇತರ ಆಟಗಾರರೊಡನೆ ಬಾಳುವ ಆಟಗಳಿವು. ಇವುಗಳ ಮೂಲವು ಗಣಕಯಂತ್ರದಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಆಡುವ ಆಟವದು. ಅವರಲ್ಲೊಬ್ಬನು ಸೂತ್ರಧಾರ, ಅವನು ಸನ್ನಿವೇಶವನ್ನು ವರ್ಣಿಸುತ್ತಾನೆ, ಉಳಿದವರು ತಾವೇನು ಮಾಡುವೆವೆಂದು ಹೇಳುತ್ತಾರೆ, ಫಲವೇನೆಂಬುದನ್ನು ದಾಳಗಳು ನಿಶ್ಚಯಿಸುತ್ತವೆ. ಇದಾದ ನಾಲ್ಕು ವರ್ಷಗಳ ಮೇಲೆ, 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಎಂಬವನು, ಹಲವರು ಏಕಕಾಲದಲ್ಲಿ ಪ್ರವೇಶಿಸಬಹುದಾದ ಒಂದು ಪ್ರಪಂಚವನ್ನು ಗಣಕಯಂತ್ರದಲ್ಲಿ ಬರೆಯಲು ಆರಂಭಿಸಿದನು. ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ‘ಮಡ್’ ಎಂದು ಹೆಸರಾದ ಆ ಪ್ರಪಂಚದಲ್ಲಿ ಚಿತ್ರಗಳಿರಲಿಲ್ಲ, ಅಕ್ಷರಗಳು ಮಾತ್ರ ಇದ್ದುವು. ಇಂದಿನ ವೈಭವದ ಆಟಗಳೆಲ್ಲ ಅದರ ಸಂತತಿ.

ಮೇಜಿನಿಂದ ಯಂತ್ರಕ್ಕೆ ಬಂದಾಗ ಕಳೆದುಹೋದುದು ಒಂದುಂಟು: ಅದು ಸೂತ್ರಧಾರನ ಸಮಯಸ್ಫೂರ್ತಿ. ಆಟಗಾರರು ಹೆದ್ದಾರಿಯನ್ನು ಬಿಟ್ಟು ಕಾಡಿಗೆ ನುಗ್ಗುವೆವೆಂದರೆ, ಸೂತ್ರಧಾರನು ಒಂದು ಕ್ಷಣ ಯೋಚಿಸಿ ಕಾಡನ್ನು ಅಲ್ಲಿಯೇ ಸೃಷ್ಟಿಸುತ್ತಾನೆ. ಯಂತ್ರದಲ್ಲಾದರೋ ಕಾಡನ್ನು ಯಾರಾದರೂ ಮೊದಲೇ ನಿರ್ಮಿಸಿಟ್ಟಿರಬೇಕು. ಹಾಗೆಂದು ಎಷ್ಟನ್ನು ನಿರ್ಮಿಸಲು ಸಾಧ್ಯ? ಲೆಕ್ಕ ಹಾಕಿ ನೋಡೋಣ. ಕಥೆಯ ಪ್ರತಿ ಹಂತದಲ್ಲಿಯೂ ಎರಡೇ ಆಯ್ಕೆಗಳಿವೆಯೆಂದೂ, ಆಯ್ಕೆಯಿಂದ ಆಯ್ಕೆಗೆ ಕಥೆ ನಿಜವಾಗಿಯೂ ಬೇರೆಯಾಗುತ್ತದೆಂದೂ ಭಾವಿಸಿದರೆ, ಹತ್ತು ಹಂತಗಳ ಅನಂತರ 1,024 ಮುಕ್ತಾಯಗಳಾಗುತ್ತವೆ. ಇಪ್ಪತ್ತು ಹಂತಗಳಿಗೆ 10,48,576. ಇಷ್ಟನ್ನು ಯಾವ ಲೇಖಕರ ಸಮೂಹವೂ ಬರೆಯಲಾರದು. ಆದುದರಿಂದ ನಿರ್ಮಾಪಕರು ಕವಲುಗಳನ್ನು ಸ್ವಲ್ಪ ದೂರ ಬೆಳೆಯಗೊಟ್ಟು ಮತ್ತೆ ಒಂದೆಡೆ ಕೂಡಿಸಿಬಿಡುತ್ತಾರೆ. ನಮ್ಮ ವಿದ್ಯಾರ್ಥಿ ಕಂಡ ಕೋಟೆಯ ಬಾಗಿಲು ಇಂತಹ ಒಂದು ಕೂಡುದಾರಿ. ಅದು ಅವರ ಸೋಮಾರಿತನವಲ್ಲ, ಗಣಿತದ ಬಲವಂತ.

ಒಬ್ಬನೇ ಆಡುವ ಆಟದಲ್ಲಿಯೇ ಹೀಗಾದರೆ ಸಾವಿರಾರು ಜನರ ಆಟದಲ್ಲಿ ತೊಡಕು ಇನ್ನೂ ಹೆಚ್ಚು. ಕಥೆಯ ಪ್ರಕಾರ ಬೆಟ್ಟದ ರಾಕ್ಷಸನನ್ನು ವೀರನು ಕೊಲ್ಲಬೇಕು. ಆದರೆ ವೀರರು ಸಾವಿರಾರು ಮಂದಿ, ರಾಕ್ಷಸನು ಒಬ್ಬನೇ. ಮೊದಲು ಬಂದವನು ಕೊಂದರೆ ಉಳಿದವರಿಗೆ ಕಥೆಯೇ ಇಲ್ಲ. ಅದಕ್ಕೋಸ್ಕರ ರಾಕ್ಷಸನು ಸತ್ತ ಕೆಲವು ನಿಮಿಷಗಳಲ್ಲಿ ಮತ್ತೆ ಎದ್ದು ನಿಲ್ಲುತ್ತಾನೆ. 2004ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಪ್ರಸಿದ್ಧ ಆಟವು 2008ರಲ್ಲಿ ಇನ್ನೊಂದು ಉಪಾಯವನ್ನು ವ್ಯಾಪಕವಾಗಿ ಬಳಸಿತು: ಒಂದೇ ಸ್ಥಳದಲ್ಲಿ ನಿಂತ ಇಬ್ಬರಿಗೆ, ಅವರವರ ಕಥೆ ಮುಂದುವರಿದಷ್ಟಕ್ಕೆ ತಕ್ಕಂತೆ, ಬೇರೆ ಬೇರೆ ಲೋಕಗಳನ್ನು ತೋರಿಸುವುದು. ಒಬ್ಬನಿಗೆ ಹಳ್ಳಿ ಉರಿಯುತ್ತಿದ್ದರೆ ಇನ್ನೊಬ್ಬನಿಗೆ ಅದೇ ಹಳ್ಳಿ ಸುಭಿಕ್ಷವಾಗಿರುತ್ತದೆ. ಸಾಪೇಕ್ಷತಾ ಸಿದ್ಧಾಂತವನ್ನು ಓದಿದವರಿಗೆ ಇದು ಪರಿಚಿತವೆಂದು ತೋರಬಹುದು, ವಸ್ತುತಃ ಹಾಗಲ್ಲ. ಎರಡು ಘಟನೆಗಳು ಏಕಕಾಲದಲ್ಲಿ ನಡೆದುವೇ ಎಂಬ ವಿಷಯದಲ್ಲಿ ಇಬ್ಬರು ವೀಕ್ಷಕರಿಗೆ ಭಿನ್ನಾಭಿಪ್ರಾಯವಿರಬಹುದೆಂದು ಐನ್‌ಸ್ಟೈನರ ಸಿದ್ಧಾಂತವು ಹೇಳುತ್ತದೆಯೇ ಹೊರತು, ಘಟನೆಯೊಂದು ನಡೆಯಿತೇ ಇಲ್ಲವೇ ಎಂಬುದರಲ್ಲಲ್ಲ. ಈ ಆಟದಲ್ಲಾದರೋ ಹಳ್ಳಿ ಉರಿಯಿತೇ ಎಂಬುದೇ ಒಬ್ಬೊಬ್ಬರಿಗೆ ಒಂದೊಂದು. ಕಥೆ ಉಳಿಯಿತು, ಆದರೆ ಸಮಾನ ಪ್ರಪಂಚ ಒಡೆಯಿತು.

ಹಾಗಾದರೆ ಕಥೆಯನ್ನೇ ಕೈಬಿಟ್ಟು ಆಟಗಾರರಿಗೆ ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟುಬಿಟ್ಟರೇನು ಎಂದು ಕೇಳಬಹುದು. ಆ ಪ್ರಯೋಗವೂ ನಡೆದಿದೆ. 1997ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಆರಿಜಿನ್ ಸಂಸ್ಥೆಯವರು ‘ಅಲ್ಟಿಮಾ ಆನ್‌ಲೈನ್’ ಎಂಬ ಆಟವನ್ನು ಹೊರತಂದರು. ರಿಚರ್ಡ್ ಗ್ಯಾರಿಯಟ್, ರಾಫ್ ಕಾಸ್ಟರ್ ಮೊದಲಾದವರ ಆ ತಂಡವು ಕಥೆಯ ಬದಲು ಒಂದು ಜೀವಂತ ಪ್ರಕೃತಿಯನ್ನು ನಿರ್ಮಿಸಬಯಸಿತು. ಹುಲ್ಲನ್ನು ಸಸ್ಯಾಹಾರಿಗಳು ಮೇಯಬೇಕು. ಅವುಗಳನ್ನು ಮಾಂಸಾಹಾರಿಗಳು ತಿನ್ನಬೇಕು. ಮೊಲಗಳು ಮುಗಿದರೆ ತೋಳಗಳು ಹಸಿದು ಊರಿನತ್ತ ಬರಬೇಕು. ಆಗ ಆಟಗಾರರಿಗೆ ಸಾಹಸಕ್ಕೆ ಎಡೆಯಾಗಬೇಕು. ಯೋಜನೆ ಸುಂದರವಾಗಿತ್ತು. ಆದರೆ ಆಟಗಾರರು ಒಳಗೆ ಬಂದೊಡನೆ ಕಣ್ಣಿಗೆ ಬಿದ್ದ ಪ್ರಾಣಿಗಳನ್ನೆಲ್ಲ ಕೊಂದುಹಾಕಿದರು. ಮೊಲವೂ ಉಳಿಯಲಿಲ್ಲ, ತೋಳವೂ ಉಳಿಯಲಿಲ್ಲ. ಆ ವ್ಯವಸ್ಥೆಯನ್ನೇ ನಿರ್ಮಾಪಕರು ಕೈಬಿಡಬೇಕಾಯಿತು. ಅಷ್ಟೇ ಅಲ್ಲ, ಬಲಿಷ್ಠ ಆಟಗಾರರು ಊರ ಹೊರಗೆ ಕಾದಿದ್ದು ಹೊಸಬರನ್ನು ಕೊಂದು ದೋಚುವುದು ಸಾಮಾನ್ಯವಾಯಿತು. ಕೊನೆಗೆ 2000ದಲ್ಲಿ ಪ್ರಪಂಚವನ್ನು ಎರಡು ಪ್ರತಿಗಳನ್ನಾಗಿ ಮಾಡಿ, ಒಂದರಲ್ಲಿ ಇಂತಹ ಕೊಲೆ ಸಾಧ್ಯವಾಗದಂತೆ ಕಟ್ಟುಮಾಡಿದರು.

ಇಲ್ಲಿ ನಮ್ಮ ಸರಳ ಲೋಲಕವನ್ನು ನೆನೆಯಬೇಕು. ದಾರಕ್ಕೆ ಕಟ್ಟಿದ ಗುಂಡು ವೃತ್ತದ ಒಂದು ತುಂಡಿನ ಮೇಲೆ ಮಾತ್ರ ಚಲಿಸಬಲ್ಲದು. ಅದಕ್ಕೆ ಸ್ವಾತಂತ್ರ್ಯ ಬೇಕೆಂದು ದಾರವನ್ನು ಕತ್ತರಿಸಿದರೆ, ಗಣಿತದ ದೃಷ್ಟಿಯಿಂದ ಅದರ ಸ್ವಾತಂತ್ರ್ಯದ ಅಂಶಗಳು ಹೆಚ್ಚುವುದೇನೋ ನಿಜ. ಆದರೆ ಆ ಮೇಲೆ ಅದು ಮಾಡುವುದು ನೆಲಕ್ಕೆ ಬೀಳುವ ಒಂದೇ ಕೆಲಸವನ್ನು. ತೂಗಾಟವು ಸಾಧ್ಯವಾದದ್ದು ದಾರದಿಂದ. ಹೊಸಬನು ಊರಿನಿಂದ ಹೊರಗೆ ಕಾಲಿಡಲಾರದಂತಹ ಪ್ರಪಂಚದಲ್ಲಿ ಎಲ್ಲರಿಗೂ ಸ್ವಾತಂತ್ರ್ಯವಿದೆಯೆಂದು ಹೇಳುವುದು ಬರಿಯ ಮಾತು. ಅಲ್ಲಿ ಸ್ವಾತಂತ್ರ್ಯವಿರುವುದು ದರೋಡೆಗಾರನಿಗೆ ಮಾತ್ರ. ನಿರ್ಬಂಧವೆಂಬುದು ಸ್ವಾತಂತ್ರ್ಯದ ಶತ್ರುವೇ ಆಗಬೇಕೆಂದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಪ್ರಶ್ನೆಯಿರುವುದು, ಎಂತಹ ನಿರ್ಬಂಧ ಎಂಬುದರಲ್ಲಿ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ‘ಆಷರನ್ಸ್ ಕಾಲ್’ ಎಂಬ ಆಟದ ಇತಿಹಾಸಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿದಿಲ್ಲ. ಅಮೆರಿಕದ ಟರ್ಬೈನ್ ಸಂಸ್ಥೆಯು ನಿರ್ಮಿಸಿ, 1999ರ ನವೆಂಬರಿನಲ್ಲಿ ಬಿಡುಗಡೆಯಾಗಿ, 2017ರ ಜನವರಿಯಲ್ಲಿ ಮುಚ್ಚಿಹೋದ ಆಟವದು. ಮಾಸಪತ್ರಿಕೆಯ ಧಾರಾವಾಹಿಯಂತೆ ತಿಂಗಳಿಗೊಮ್ಮೆ ಕಥೆಯ ಹೊಸ ಅಧ್ಯಾಯವನ್ನು ಸೇರಿಸುವುದು ಅದರ ವೈಶಿಷ್ಟ್ಯ. 2000ದಲ್ಲಿ ನಡೆದ ಕಥೆ ಹೀಗಿತ್ತು: ಬೇಲ್‌ಜಾರನ್ ಎಂಬ ದುಷ್ಟಶಕ್ತಿಯೊಂದು ಪ್ರಾಚೀನ ಕಾಲದಲ್ಲಿ ಸ್ಫಟಿಕಗಳ ಮೂಲಕ ಬಂಧಿತವಾಗಿದೆ. ಆಟಗಾರರು ಆ ಸ್ಫಟಿಕಗಳನ್ನು ಒಂದೊಂದಾಗಿ ಒಡೆಯಬೇಕು; ಕೊನೆಯದು ಒಡೆದಾಗ ಆ ದುಷ್ಟನು ಬಿಡುಗಡೆ ಹೊಂದಬೇಕು; ಮುಂದಿನ ಅಧ್ಯಾಯವು ಅವನೊಡನೆ ಯುದ್ಧ. ಆಟವು ಅನೇಕ ಸರ್ವರುಗಳಲ್ಲಿ, ಎಂದರೆ ಒಂದೇ ಪ್ರಪಂಚದ ಅನೇಕ ಪ್ರತಿಗಳಲ್ಲಿ, ನಡೆಯುತ್ತಿತ್ತು. ಆದರೆ ‘ಥಿಸಲ್‌ಡೌನ್’ ಎಂಬ ಪ್ರತಿಯ ಆಟಗಾರರಲ್ಲಿ ಒಂದು ಗುಂಪು, ದುಷ್ಟನನ್ನು ಬಿಡುಗಡೆ ಮಾಡುವುದು ತಪ್ಪೆಂದು ನಿಶ್ಚಯಿಸಿ, ಕೊನೆಯ ಸ್ಫಟಿಕದ ಸುತ್ತ ಕಾವಲು ನಿಂತಿತು. ಒಡೆಯಲು ಬಂದವರನ್ನೆಲ್ಲ ಅವರು ಹಿಮ್ಮೆಟ್ಟಿಸಿದರು.

ಇದನ್ನು ಯಾರೂ ಬರೆದಿರಲಿಲ್ಲ. ಆಟಗಾರರು ತಾವಾಗಿಯೇ ಒಂದು ಧರ್ಮಸೂಕ್ಷ್ಮವನ್ನು ಕಂಡುಕೊಂಡು ಅದಕ್ಕಾಗಿ ನಿಂತಿದ್ದರು. ಆದರೆ ಮುಂದಿನ ಅಧ್ಯಾಯ ಸಿದ್ಧವಾಗಿತ್ತು; ಅದಕ್ಕೆ ದುಷ್ಟನ ಬಿಡುಗಡೆ ಬೇಕಾಗಿತ್ತು. ಕಡೆಗೆ ಸಂಸ್ಥೆಯವರೇ ಮಹಾಬಲವುಳ್ಳ ಪಾತ್ರಗಳನ್ನು ಧರಿಸಿ ಆಟದೊಳಗೆ ಬಂದು ಕಾವಲನ್ನು ಮುರಿದರು. ಸ್ಫಟಿಕ ಒಡೆಯಿತು, ಕಥೆ ಮುಂದೆ ಸಾಗಿತು. ಅನಂತರ ಆ ಕಾವಲುಗಾರರ ನೆನಪಿಗಾಗಿ ಆಟದ ಪ್ರಪಂಚದಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು ಎಂಬುದನ್ನೂ ಹೇಳಬೇಕು. ಆ ನಿರ್ಮಾಪಕರು ಹೃದಯಹೀನರಲ್ಲ.

ಆದರೂ ನಡೆದುದೇನೆಂಬುದನ್ನು ಸ್ಪಷ್ಟವಾಗಿ ಹೇಳೋಣ. ಕಾವಲುಗಾರರು ಆಟದ ಯಾವ ನಿಯಮವನ್ನೂ ಮುರಿದಿರಲಿಲ್ಲ. ನಿಯಮದ ಪ್ರಕಾರ ಅವರು ಗೆದ್ದಿದ್ದರು. ಕಥೆಯ ಪ್ರಕಾರ ಅವರು ಸೋಲಬೇಕಾಗಿತ್ತು. ನಿಯಮಕ್ಕೂ ಕಥೆಗೂ ವಿರೋಧ ಬಂದಾಗ ನಿಯಮವನ್ನು ಬದಿಗಿರಿಸಿ ಕಥೆಯನ್ನು ಗೆಲ್ಲಿಸಲಾಯಿತು. ಪ್ರಯೋಗಶಾಲೆಯಲ್ಲಿ ನಾವು ಇಂತಹುದನ್ನು ಪ್ರತಿ ವರ್ಷವೂ ಕಾಣುತ್ತೇವೆ. ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗೆ ಉತ್ತರ 980ರ ಹತ್ತಿರ ಬರಬೇಕೆಂದು ಮೊದಲೇ ಗೊತ್ತು. ಅವನು ಆಂದೋಲನಗಳನ್ನು ಎಣಿಸುವ ತೊಂದರೆ ತೆಗೆದುಕೊಳ್ಳದೆ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕಾಲದ ಅಳತೆಗಳನ್ನು ಬರೆದುಬಿಡುತ್ತಾನೆ. ಕೋಷ್ಟಕ ಅಚ್ಚುಕಟ್ಟಾಗಿರುತ್ತದೆ, ಪ್ರಯೋಗ ಮಾತ್ರ ನಡೆದಿರುವುದಿಲ್ಲ. ಥಿಸಲ್‌ಡೌನಿನಲ್ಲಿ ಪ್ರಕೃತಿಯು, ಎಂದರೆ ಆಟಗಾರರ ಸಮುದಾಯವು, ನಿರೀಕ್ಷೆಗೆ ಮೀರಿದ ಒಂದು ಉತ್ತರವನ್ನು ಕೊಟ್ಟಿತ್ತು. ಅದನ್ನು ಬರೆದುಕೊಳ್ಳುವ ಬದಲು ಮುಳ್ಳನ್ನು ಬೆರಳಿನಿಂದ ತಳ್ಳಿದಂತಾಯಿತು.

ಇದರಿಂದ, ಮುಕ್ತಾಯವು ಮೊದಲೇ ಗೊತ್ತಾದ ಕಥೆಯೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿರುವೆವೆಂದು ಯಾರೂ ತಿಳಿಯಬಾರದು. ನಮ್ಮ ಕರಾವಳಿ ಮಲೆನಾಡುಗಳ ತಾಳಮದ್ದಳೆಯನ್ನೇ ನೋಡಿ. ಅದೂ ಪಾತ್ರವಹಿಸುವ ಆಟವೇ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಸರ್ವಸ್ವ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಗಳು ಆ ಪದ್ಯಕ್ಕೆ ತಮ್ಮ ತಮ್ಮ ಪ್ರತಿಭೆಗೆ ತಕ್ಕಂತೆ ಸ್ಥಳದಲ್ಲಿಯೇ ಮಾತನ್ನು ಬೆಳೆಸುತ್ತಾರೆ. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೌರವನು ಎಷ್ಟೇ ಸಮರ್ಥವಾಗಿ ವಾದಿಸಲಿ, ಕೃಷ್ಣನು ಎಷ್ಟೇ ಜಾಣತನದಿಂದ ಒಲಿಸಿಕೊಳ್ಳಲು ಯತ್ನಿಸಲಿ, ಸಂಧಾನ ಮುರಿಯುವುದು ಖಂಡಿತ. ಇದು ಅರ್ಥಧಾರಿಗೂ ಗೊತ್ತು, ಸಭೆಗೂ ಗೊತ್ತು. ಆದರೂ ತನಗೆ ಸ್ವಾತಂತ್ರ್ಯವಿಲ್ಲವೆಂದು ಯಾವ ಅರ್ಥಧಾರಿಯೂ ಕೊರಗುವುದಿಲ್ಲ. ಏಕೆಂದರೆ ಅಲ್ಲಿ ಮೋಸವಿಲ್ಲ. ಘಟನೆಯು ಕವಿಯದು, ಮಾತು ನಿನ್ನದು ಎಂಬ ಒಪ್ಪಂದವು ಮೊದಲೇ ಆಗಿದೆ. ತನ್ನದೆಂದು ಕೊಟ್ಟ ಕ್ಷೇತ್ರದಲ್ಲಿ ಅರ್ಥಧಾರಿಯ ಸ್ವಾತಂತ್ರ್ಯ ಸಂಪೂರ್ಣವಾದುದು.

ಥಿಸಲ್‌ಡೌನಿನ ಆಟಗಾರರಿಗೆ ಇಂತಹ ಒಪ್ಪಂದವಿರಲಿಲ್ಲ. ಈ ಪ್ರಪಂಚ ನಿಮ್ಮದು, ಇಲ್ಲಿ ನೀವು ಮಾಡಿದುದಕ್ಕೆ ಫಲವುಂಟು ಎಂದು ಅವರನ್ನು ನಂಬಿಸಲಾಗಿತ್ತು. ಆದುದರಿಂದಲೇ ನಾವು ಆಕ್ಷೇಪಿಸುವುದು ಗೊತ್ತಾದ ಕಥೆಯನ್ನಲ್ಲ, ತೆರೆದ ಬಾಗಿಲೆಂದು ತೋರಿಸಿ ಗೋಡೆಯನ್ನಿಡುವ ಕ್ರಮವನ್ನು.

ಇನ್ನು, ಮುಕ್ತಾಯವನ್ನು ಬರೆಯದೆಯೇ ಕಥೆ ಹುಟ್ಟಬಲ್ಲದೆ? ಬಲ್ಲದು; ನಿಯಮಗಳು ಚೆನ್ನಾಗಿದ್ದರೆ ಸಾಕು. ಒಂದು ಲೋಲಕದ ಗುಂಡಿನಿಂದ ಇನ್ನೊಂದು ಲೋಲಕವನ್ನು ತೂಗುಹಾಕಿ ನೋಡಿ. ಈ ಜೋಡಿ ಲೋಲಕದ ಸ್ಥಾನವನ್ನು ತಿಳಿಸಲು ಎರಡೇ ಕೋನಗಳು ಸಾಕು. ಅದರ ಚಲನೆಯೆಲ್ಲ ನ್ಯೂಟನ್ನನ ನಿಯಮಗಳಿಗೆ ಅಧೀನ. ಆದರೂ ಅದನ್ನು ಎತ್ತರಕ್ಕೆಳೆದು ಬಿಟ್ಟರೆ, ಒಮ್ಮೆ ಆಡಿದಂತೆ ಇನ್ನೊಮ್ಮೆ ಆಡುವುದಿಲ್ಲ. ಮೊದಲ ಸ್ಥಾನದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸ್ವಲ್ಪ ಹೊತ್ತಿನಲ್ಲಿಯೇ ಎರಡು ಚಲನೆಗಳು ತೀರ ಬೇರೆಯಾಗುತ್ತವೆ. ನಿಯಮವು ಕಟ್ಟುನಿಟ್ಟು, ಫಲವು ಅನಿರೀಕ್ಷಿತ. ಎರಡೂ ಏಕಕಾಲದಲ್ಲಿ ಇರಬಲ್ಲವು.

ಆಟಗಳಲ್ಲಿ ಇದಕ್ಕೆ ನಿದರ್ಶನಗಳುಂಟು. 2005ರ ಸೆಪ್ಟೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಒಂದು ಮೂಲೆಯಲ್ಲಿ, ರಾಕ್ಷಸನೊಬ್ಬನು ತನ್ನ ಮೇಲೆ ಬಿದ್ದವರಿಗೆ ಸಾಂಕ್ರಾಮಿಕ ರೋಗವೊಂದನ್ನು ಅಂಟಿಸುವ ಏರ್ಪಾಡಿತ್ತು. ಅದು ಆ ಸ್ಥಳದಿಂದ ಹೊರಗೆ ಬರಬಾರದಾಗಿತ್ತು. ಆಟಗಾರರ ಸಾಕುಪ್ರಾಣಿಗಳ ಮೂಲಕ ಅದು ಹೊರಬಂದು ನಗರಗಳಿಗೆ ಹಬ್ಬಿತು. ಬೀದಿಗಳಲ್ಲಿ ಅಸ್ಥಿಪಂಜರಗಳು ಬಿದ್ದುವು. ಕೆಲವರು ರೋಗಿಗಳ ಶುಶ್ರೂಷೆಗೆ ನಿಂತರು, ಕೆಲವರು ಊರನ್ನು ಬಿಟ್ಟು ಓಡಿದರು, ಇನ್ನು ಕೆಲವರು ಬೇಕೆಂದೇ ರೋಗವನ್ನು ಹರಡಿದರು. ಕೊನೆಗೆ ನಿರ್ಮಾಪಕರು ಸರ್ವರುಗಳನ್ನೇ ಮರುಸ್ಥಾಪಿಸಿ ಅದನ್ನು ನಿಲ್ಲಿಸಬೇಕಾಯಿತು. 2007ರಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ವಿಜ್ಞಾನಿಗಳು ಈ ಘಟನೆಯನ್ನು ಕುರಿತು ಲ್ಯಾನ್ಸೆಟ್ ಸಮೂಹದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಲೇಖನವನ್ನೇ ಬರೆದರು. ಒಂದು ಸಣ್ಣ ನಿಯಮ, ಸಾವಿರಾರು ಜನರ ಸ್ವಾತಂತ್ರ್ಯ. ಇವೆರಡರ ಸಂಯೋಗದಿಂದ ಹುಟ್ಟಿದ ಕಥೆಯು, ಲೇಖಕರು ಬರೆದ ನೂರು ಅಧ್ಯಾಯಗಳಿಗಿಂತ ಹೆಚ್ಚಾಗಿ ಜನರ ನೆನಪಿನಲ್ಲಿ ಉಳಿಯಿತು.

ಇದು ಆಕಸ್ಮಿಕವಾಗಿ ಆದುದು. ಇದನ್ನೇ ಉದ್ದೇಶವಾಗಿಟ್ಟುಕೊಂಡ ಆಟವೆಂದರೆ 2003ರಲ್ಲಿ ಐಸ್‌ಲೆಂಡಿನ ಸಿಸಿಪಿ ಸಂಸ್ಥೆಯು ಆರಂಭಿಸಿದ ‘ಈವ್ ಆನ್‌ಲೈನ್’. ಅಂತರಿಕ್ಷದ ನೌಕೆಗಳು, ಗಣಿಗಳು, ಮಾರುಕಟ್ಟೆಗಳು ಇವುಗಳಿಗೆ ನಿಯಮವನ್ನು ಬರೆದು, ರಾಜ್ಯಗಳನ್ನು ಕಟ್ಟುವ ಕೆಡವುವ ಕೆಲಸವನ್ನು ಬಹುಮಟ್ಟಿಗೆ ಆಟಗಾರರಿಗೇ ಬಿಟ್ಟಿದ್ದಾರೆ. 2014ರ ಜನವರಿ 27ರಂದು, ಒಂದು ಪಕ್ಷದವರು ತಮ್ಮ ಪ್ರದೇಶದ ಮೇಲಿನ ಹಕ್ಕಿಗಾಗಿ ಕಟ್ಟಬೇಕಾಗಿದ್ದ ಶುಲ್ಕವು ಸಲ್ಲದೆಹೋದುದೇ ನೆವವಾಗಿ, ಮಹಾಯುದ್ಧವೊಂದು ಹೊತ್ತಿಕೊಂಡಿತು. ಏಳೂವರೆ ಸಾವಿರಕ್ಕೂ ಹೆಚ್ಚು ಆಟಗಾರರು ಸುಮಾರು 21 ಗಂಟೆಗಳ ಕಾಲ ಹೋರಾಡಿದರು. ‘ಟೈಟನ್’ ಎಂಬ ಅತಿ ದೊಡ್ಡ ನೌಕೆಗಳು 75 ನಾಶವಾದುವು. ಅಷ್ಟು ಜನರ ಲೆಕ್ಕವನ್ನು ಹೊರಲಾರದೆ ಯಂತ್ರಗಳು ಕುಸಿಯಬಾರದೆಂದು ಆಟದೊಳಗಿನ ಕಾಲವನ್ನೇ ಹತ್ತನೆಯ ಒಂದು ಭಾಗದಷ್ಟು ವೇಗಕ್ಕೆ ಇಳಿಸುವ ಏರ್ಪಾಡು ಅಲ್ಲಿದೆ. ಸಾಪೇಕ್ಷತಾ ಸಿದ್ಧಾಂತದ ‘ಕಾಲವಿಸ್ತರಣ’ ಎಂಬ ಹೆಸರನ್ನೇ ಅದಕ್ಕೆ ಎರವಲು ಪಡೆದಿದ್ದಾರೆ. ಇಲ್ಲಿ ಗಮನಿಸತಕ್ಕ ಅಂಶವಿದು: ನಿಧಾನಗತಿಯು ಎರಡು ಪಕ್ಷಗಳಿಗೂ ಒಂದೇ ಸಮನಾಗಿ ಅನ್ವಯಿಸಿತು. ಯಾರು ಗೆಲ್ಲಬೇಕೆಂದು ನಿರ್ಮಾಪಕರು ಬೆರಳಾಡಿಸಲಿಲ್ಲ. ಯುದ್ಧ ಮುಗಿದ ಮೇಲೆ ಅವರೂ ಆ ಸ್ಥಳದಲ್ಲಿ ಸ್ಮಾರಕವನ್ನು ನಿಲ್ಲಿಸಿದರು. ಎರಡು ಆಟಗಳಲ್ಲಿಯೂ ಸ್ಮಾರಕಗಳುಂಟು. ಒಂದು ಮುರಿದ ಸ್ವಾತಂತ್ರ್ಯಕ್ಕೆ, ಇನ್ನೊಂದು ನಡೆದ ಸ್ವಾತಂತ್ರ್ಯಕ್ಕೆ.

ಈವ್ ಆನ್‌ಲೈನ್ ನಿರ್ದೋಷವೆಂದು ನಾವು ಹೇಳುವುದಿಲ್ಲ. ಮೋಸ, ಬೇಹುಗಾರಿಕೆ, ವಿಶ್ವಾಸಘಾತಗಳಿಗೆ ಅಲ್ಲಿ ವಿಪುಲ ಅವಕಾಶವಿದೆ. ಕೆಲವು ಸುರಕ್ಷಿತ ವಲಯಗಳಲ್ಲಿ ಅಕ್ರಮವಾಗಿ ದಾಳಿ ಮಾಡಿದವರನ್ನು ದಂಡಿಸುವ ಕಾವಲುಪಡೆಯಿದ್ದರೂ ಎಲ್ಲರಿಗೂ ಒಗ್ಗುವ ಆಟವದಲ್ಲ. ಬಾರ್ಟಲ್ 1996ರ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು: ಗುರಿಯನ್ನು ಸಾಧಿಸುವವರು, ಹೊಸತನ್ನು ಅನ್ವೇಷಿಸುವವರು, ಸ್ನೇಹಕ್ಕಾಗಿ ಬರುವವರು, ಇತರರ ಮೇಲೆ ತಮ್ಮ ಬಲವನ್ನು ತೋರಿಸುವವರು. ದಿನದ ದುಡಿಮೆಯಿಂದ ದಣಿದು ಬಂದವನು, ರಾಜ್ಯ ಕಟ್ಟುವ ಗೋಜು ಬೇಡ, ಒಳ್ಳೆಯದೊಂದು ಕಥೆಯನ್ನು ಹೇಳಿ ಎಂದರೆ ಅದೂ ನ್ಯಾಯವೇ. ನುರಿತ ಲೇಖಕನ ಕಥೆಯು ಸಾವಿರ ಜನರ ಗದ್ದಲಕ್ಕಿಂತ ಸೊಗಸೆಂಬ ವಾದವನ್ನೂ ನಾವು ಒಪ್ಪುತ್ತೇವೆ. ಹಾಗೆಂದರೆ ಅವನಿಗೆ ತಾಳಮದ್ದಳೆಯ ಒಪ್ಪಂದವನ್ನು ಕೊಡಿ, ಬೇಡವೆನ್ನುವವರಾರು? ಇನ್ನು ಕೆಲವರು, ಮಾತನ್ನು ತಾವೇ ಹೆಣೆಯಬಲ್ಲ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ಈಗ ಬಂದಿರುವುದರಿಂದ ಹಳೆಯ ಸೂತ್ರಧಾರನು ಮರಳಿ ಸಿಕ್ಕನು, ತೊಡಕೆಲ್ಲ ತೀರಿತು ಎನ್ನುತ್ತಾರೆ. ಮಾತಿನ ಬಡತನವು ತೀರಬಹುದು. ಆದರೆ ಒಬ್ಬನು ಕೊಂದ ರಾಕ್ಷಸನು ಇತರರಿಗೂ ಸತ್ತನೇ ಎಂಬುದು ಮಾತಿನಿಂದ ತೀರುವ ಪ್ರಶ್ನೆಯಲ್ಲ. ಅದು ಪ್ರಪಂಚದ ನಿಯಮದ ಪ್ರಶ್ನೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ನಿಯಮವು ಎಲ್ಲರಿಗೂ ಒಂದೇ ಆಗಿರಬೇಕು, ನಿರ್ಮಾಪಕನಿಗೂ ಕೂಡ. ಆಟ ಪ್ರಾರಂಭವಾದ ಮೇಲೆ ಇಷ್ಟವಿಲ್ಲದ ಫಲ ಬಂದಿತೆಂದು ಅವನು ತಕ್ಕಡಿಯ ಮೇಲೆ ಕೈಯಿಡಬಾರದು. ದುರ್ಬಲನೂ ಆಡಬಲ್ಲಷ್ಟು ರಕ್ಷಣೆಯು ಆ ನಿಯಮದಲ್ಲಿಯೇ ಇರಬೇಕು. ಕಥೆಯಲ್ಲಿ ಯಾವುದು ಮೊದಲೇ ಗೊತ್ತಾಗಿದೆ, ಯಾವುದು ಆಟಗಾರನ ಕೈಯಲ್ಲಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೇಳಿದ ಮೇಲೆ ಅವನ ಕೈಯಲ್ಲಿರುವುದನ್ನು ಕಸಿದುಕೊಳ್ಳಬಾರದು.

ಆಟದ ವಿಷಯಕ್ಕೆ ಇಷ್ಟು ಗಂಭೀರವಾದ ಮಾತೇಕೆ ಎಂದು ಹಿರಿಯರು ಕೇಳಬಹುದು. ನಮ್ಮ ತರುಣರಲ್ಲಿ ಅನೇಕರು ದಿನಕ್ಕೆ ಎಷ್ಟೋ ಗಂಟೆಗಳನ್ನು ಈ ಪ್ರಪಂಚಗಳಲ್ಲಿ ಕಳೆಯುತ್ತಿದ್ದಾರೆ. ಕೆಲವರು ಮುಂದೆ ಅವುಗಳನ್ನು ನಿರ್ಮಿಸುವವರೇ ಆಗುವರು. ಯಾವ ಬಾಗಿಲನ್ನು ತಳ್ಳಿದರೂ ಒಂದೇ ಅಂಗಳ ಎಂಬ ಅನುಭವವು ಸಾವಿರ ಸಲ ಆದವನು, ಆಯ್ಕೆಯೆಂದರೇನೇ ನಾಟಕವೆಂದು ನಂಬತೊಡಗಿದರೆ ಆಶ್ಚರ್ಯವಿಲ್ಲ. ಆ ನಂಬಿಕೆಯನ್ನು ಹೊತ್ತು ಅವನು ಆಟದಿಂದ ಹೊರಗೂ ಬರುತ್ತಾನೆ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ನೀವೂ ನಿಮ್ಮ ಗೆಳೆಯರೊಬ್ಬರೂ ಒಂದೇ ಆಟದಲ್ಲಿ, ಮುಖ್ಯವೆಂದು ತೋರುವ ಒಂದು ತಿರುವಿನಲ್ಲಿ, ಪರಸ್ಪರ ವಿರುದ್ಧವಾದ ಆಯ್ಕೆಗಳನ್ನು ಮಾಡಿ. ಅನಂತರದ ಹತ್ತು ಸನ್ನಿವೇಶಗಳನ್ನು ಇಬ್ಬರೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿಡಿ: ಯಾರು ಬದುಕಿದ್ದಾರೆ, ಯಾವ ದಾರಿ ತೆರೆದಿದೆ, ಜನರು ಏನನ್ನುತ್ತಾರೆ, ಮೂರನೆಯ ಆಟಗಾರನ ಪ್ರಪಂಚದಲ್ಲಿ ನಿಮ್ಮ ಕೆಲಸದ ಗುರುತಿದೆಯೇ. ಎರಡು ಪುಸ್ತಕಗಳನ್ನೂ ಹೋಲಿಸಿ ನೋಡಿ. ವ್ಯತ್ಯಾಸವೆಷ್ಟೋ ಆ ಆಟವು ನಿಮಗೆ ಕೊಟ್ಟ ಸ್ವಾತಂತ್ರ್ಯ ಅಷ್ಟು. ಜಾಹೀರಾತನ್ನು ನಂಬಬೇಡಿ, ಅಳೆದು ನೋಡಿ.

ಹಿಂದಿನ ಬೆಂಚಿನ ಆ ವಿದ್ಯಾರ್ಥಿಗೆ ನಾವು ಮುಂದಿನ ತರಗತಿಯಲ್ಲಿ ಉತ್ತರವನ್ನು ಕೊಟ್ಟೆವು. ಕವಲೊಡೆದು ಕೂಡುವ ತಂತಿಯಲ್ಲಿಯೂ ಮಣಿಯ ಸ್ವಾತಂತ್ರ್ಯದ ಅಂಶ ಒಂದೇ. ಕೂಡುದಾರಿಯನ್ನು ದಾಟಿದ ಮೇಲೆ ಅದು ಯಾವ ಕವಲಿನಿಂದ ಬಂದಿತೆಂಬುದರ ಗುರುತು ತಂತಿಯಲ್ಲಿಯೂ ಇರುವುದಿಲ್ಲ, ಮಣಿಯಲ್ಲಿಯೂ ಇರುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಸರ್, ಕಳ್ಳನನ್ನು ನಾನು ಬಿಟ್ಟೆನೆಂಬುದು ನನಗೆ ನೆನಪಿದೆಯಲ್ಲ” ಎಂದನು. ಸರಿಯಾದ ಮಾತು. ಮಣಿಗೆ ನೆನಪಿಲ್ಲ; ಮನುಷ್ಯನಿಗಿದೆ. ಆಟವನ್ನು ಕಟ್ಟುವವರು ಮರೆಯಬಾರದ ಸಂಗತಿಯೂ ಅದೇ.